ಮೇಕೆಯನ್ನು ವಾಪಸು ತರುವುದು: ಕಠಿಣ ತರ್ಕದ ಒಗಟುಗಳನ್ನು ಬಿಡಿಸಲು ಒಂದು ಸಮಗ್ರ ಮಾರ್ಗದರ್ಶಿ

ಹುಲಿ, ಮೇಕೆ, ಹುಲ್ಲಿನ ಹೊರೆ ಈ ಮೂರನ್ನೂ ಹೊಳೆ ದಾಟಿಸಬೇಕಾದ ಅಂಬಿಗನ ಒಗಟನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ದೋಣಿಯಲ್ಲಿ ಅಂಬಿಗನೊಡನೆ ಒಂದಕ್ಕೆ ಮಾತ್ರ ಜಾಗವಿದೆ. ಅವನ ಕಣ್ಣು ತಪ್ಪಿದರೆ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ತಿನ್ನುತ್ತದೆ. ಮೊದಲು ಮೇಕೆಯನ್ನೇ ದಾಟಿಸಬೇಕೆಂಬುದು ಎಲ್ಲರಿಗೂ ಬೇಗ ಹೊಳೆಯುತ್ತದೆ. ತೊಡಕು ಬರುವುದು ಎರಡನೆಯ ಸಲ. ಹುಲಿಯನ್ನು ಒಯ್ದರೆ ಆಚೆ ದಡದಲ್ಲಿ ಮೇಕೆ ಉಳಿಯುವುದಿಲ್ಲ, ಹುಲ್ಲನ್ನು ಒಯ್ದರೆ ಹುಲ್ಲು ಉಳಿಯುವುದಿಲ್ಲ. ಇದು ಆಗದ ಕೆಲಸವೆಂದು ಸಿಡಿಮಿಡಿಗೊಂಡು ಬಹಳ ಮಂದಿ ಕೈಬಿಡುವುದು ಇಲ್ಲಿಯೇ. ಆದರೆ ಹುಲಿಯನ್ನು ಆಚೆ ಇಳಿಸಿ ಮೇಕೆಯನ್ನು ವಾಪಸು ತಂದು, ಹುಲ್ಲನ್ನು ದಾಟಿಸಿ, ಕೊನೆಗೆ ಮತ್ತೆ ಮೇಕೆಯನ್ನು ಒಯ್ದರೆ 7 ಸಲದ ಓಡಾಟದಲ್ಲಿ ಕೆಲಸ ಮುಗಿಯುತ್ತದೆ. ದಾಟಿಸಿದ್ದನ್ನು ಮರಳಿ ತರಬಾರದೆಂದು ಒಗಟು ಎಲ್ಲಿಯೂ ಹೇಳಿರಲಿಲ್ಲ. ಆ ಮಾತನ್ನು ಸೇರಿಸಿಕೊಂಡವರು ನಾವು.

ಹೀಗೆ ಯಾರೂ ಹೇಳದೆ, ನಮಗೇ ತಿಳಿಯದಂತೆ ಒಳಗೆ ನುಗ್ಗಿದ ನಿಯಮವನ್ನು ಈ ಲೇಖನದುದ್ದಕ್ಕೂ ಕಳ್ಳ ಷರತ್ತು ಎಂದು ಕರೆಯುತ್ತೇನೆ. ಕಠಿಣ ತರ್ಕದ ಒಗಟುಗಳು ಹುಟ್ಟಿಸುವ ಸಿಟ್ಟಿಗೂ ಬಿಡಿಸಿದಾಗ ತಾನಾಗಿ ಬರುವ ನಗುವಿಗೂ ಮೂಲ ಒಂದೇ ಎಂಬುದು ಹಲವು ವರ್ಷಗಳ ಅಭ್ಯಾಸದಿಂದ ನನಗೆ ದೃಢವಾಗಿರುವ ಮಾತು. ಕಳ್ಳ ಷರತ್ತು ಕಾಣದಿರುವಷ್ಟು ಹೊತ್ತು ಸಿಟ್ಟು, ಕಂಡ ಕ್ಷಣದಲ್ಲಿ ನಗು. ಆದ್ದರಿಂದ ಕೆಳಗಿನ ಹಂತಗಳೆಲ್ಲವೂ ಕೊನೆಗೆ ಆ ಕಳ್ಳನನ್ನು ಹಿಡಿಯುವ ಕ್ರಮಗಳೇ ಆಗಿವೆ. ಅಂಬಿಗನ ಒಗಟು ನಮ್ಮ ಹೊಳೆಯದಷ್ಟೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಎಂಟನೆಯ ಶತಮಾನದ ವಿದ್ವಾಂಸ, ಯಾರ್ಕಿನ ಆಲ್ಕುಯಿನ್‌ರದೆಂದು ಹೇಳಲಾಗುವ ಲ್ಯಾಟಿನ್ ಸಂಗ್ರಹವೊಂದರಲ್ಲಿ ಅದು ತೋಳ, ಮೇಕೆ ಮತ್ತು ಕೋಸಿನ ರೂಪದಲ್ಲಿ ದೊರೆಯುತ್ತದೆ. ಅಂದರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಮನುಷ್ಯರು ಇದೇ ಎರಡನೆಯ ಸಲದಲ್ಲಿ ಎಡವುತ್ತ ಬಂದಿದ್ದಾರೆ.

ಮೊದಲು: ಇದು ಯಾವ ಜಾತಿಯ ಒಗಟೆಂದು ಗುರುತಿಸಿ

ನಮ್ಮ ಜನಪದ ಒಗಟಿಗೂ ತರ್ಕದ ಒಗಟಿಗೂ ಬಿಡಿಸುವ ರೀತಿಯಲ್ಲಿ ದೊಡ್ಡ ವ್ಯತ್ಯಾಸವಿದೆ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಎಂದರೆ ಮಲ್ಲಿಗೆ ಎಂದು ಹೇಳಲು ಕಣ್ಣಿಗೆ ಕಟ್ಟುವ ಹೋಲಿಕೆಯೊಂದು ಹೊಳೆಯಬೇಕು. ಅಲ್ಲಿ ಉತ್ತರ ಒಗಟಿನ ಮಾತುಗಳ ಹೊರಗಿರುತ್ತದೆ. ತರ್ಕದ ಒಗಟಿನಲ್ಲಿ ಉತ್ತರಕ್ಕೆ ಬೇಕಾದ ಪ್ರತಿಯೊಂದು ಸಾಮಗ್ರಿಯೂ ಒಗಟಿನ ಮಾತುಗಳೊಳಗೇ ಇರುತ್ತದೆ, ಇರಲೇಬೇಕು. ಆದ್ದರಿಂದ ಎರಡನೆಯದನ್ನು ಎದುರಿಸುವಾಗ ಹೊಳಹಿಗಾಗಿ ಕಾದು ಕೂರುವುದು ಸರಿಯಾದ ಕ್ರಮವಲ್ಲ. ಪೆನ್ನು, ಕಾಗದ ಹಿಡಿದು ಕೆಲಸಕ್ಕೆ ತೊಡಗಬೇಕು. ಹಲವರಿಗೆ ತಮ್ಮ ತಲೆ ಇದಕ್ಕೆ ಹೇಳಿದ್ದಲ್ಲವೆಂಬ ಬೇಸರ ಬರುವುದು, ಕೆಲಸದಿಂದ ಬರಬೇಕಾದ ಉತ್ತರವನ್ನು ಹೊಳಹಿನಿಂದ ನಿರೀಕ್ಷಿಸುವ ಕಾರಣಕ್ಕೆ.

ಹಂತ 1: ಹೇಳಿದ್ದನ್ನು ಮಾತ್ರ ಬರೆದುಕೊಳ್ಳಿ

ಹಾಳೆಯ ಎಡಬದಿಯಲ್ಲಿ ಒಗಟು ಹೇಳಿರುವ ಷರತ್ತುಗಳನ್ನು ಒಂದೊಂದಾಗಿ ಬರೆಯಿರಿ. ಬರೆದ ಮೇಲೆ ಪ್ರತಿಯೊಂದು ವಾಕ್ಯಕ್ಕೂ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಕೇಳಿಕೊಳ್ಳಿ. ಇದು ಮಕ್ಕಳಿಗೆ ಹೇಳುವ ಮಾತಿನಂತೆ ತೋರಿದರೂ ಕಲಿತವರೂ ಇಲ್ಲಿ ತಪ್ಪುತ್ತಾರೆ ಎಂಬುದಕ್ಕೆ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಮುಂದಿಟ್ಟ ನಾಲ್ಕು ಕಾರ್ಡುಗಳ ಒಗಟು ಸಾಕ್ಷಿ. ಅದನ್ನು ನಮ್ಮ ಅಕ್ಷರಮಾಲೆಗೆ ಹೊಂದಿಸಿ ಹೇಳುತ್ತೇನೆ. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ ಇದೆ. ಮೇಜಿನ ಮೇಲೆ ನಿಮಗೆ ಕಾಣುತ್ತಿರುವುದು ಅ, ಕ, 4, 7. 'ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ' ಎಂಬ ನಿಯಮ ನಿಜವೇ ಎಂದು ಪರೀಕ್ಷಿಸಲು ಯಾವ ಕಾರ್ಡುಗಳನ್ನು ತಿರುವಿ ನೋಡಲೇಬೇಕು?

ಬಹಳ ಮಂದಿ ಅ ಮತ್ತು 4 ಎನ್ನುತ್ತಾರೆ. ಸರಿಯಾದ ಉತ್ತರ ಅ ಮತ್ತು 7. ಸ್ವರದ ಹಿಂದೆ ಸಮಸಂಖ್ಯೆ ಇರಬೇಕೆಂದು ನಿಯಮ ಹೇಳಿದೆಯೇ ಹೊರತು, ಸಮಸಂಖ್ಯೆಯ ಹಿಂದೆ ಸ್ವರವೇ ಇರಬೇಕೆಂದು ಹೇಳಿಲ್ಲ. ಹಾಗಾಗಿ 4ರ ಹಿಂದೆ ಏನಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ. 7ರ ಹಿಂದೆ ಸ್ವರವಿದ್ದರೆ ಮಾತ್ರ ನಿಯಮ ಮುರಿದು ಬೀಳುತ್ತದೆ. ಇದೇ ಲೆಕ್ಕವನ್ನು ಬಸ್ಸಿಗೆ ಹತ್ತಿಸಿದರೆ ತಪ್ಪುವವರು ಕಡಿಮೆ. ವಿದ್ಯಾರ್ಥಿ ಪಾಸು ತೋರಿಸಿದವರು ವಿದ್ಯಾರ್ಥಿಗಳೇ ಆಗಿರಬೇಕು ಎಂಬುದು ನಿಯಮವಾದರೆ, ಕಂಡಕ್ಟರು ಪಾಸು ತೋರಿಸಿದವನ ಗುರುತಿನ ಚೀಟಿ ಕೇಳುತ್ತಾರೆ. ವಿದ್ಯಾರ್ಥಿಯಲ್ಲವೆಂದು ನೋಡಿದೊಡನೆ ತಿಳಿಯುವ ನಡುವಯಸ್ಸಿನವರ ಕೈಯಲ್ಲಿರುವುದು ಪಾಸೋ ಟಿಕೆಟೋ ಎಂದೂ ನೋಡುತ್ತಾರೆ. ಕಾಸು ಕೊಟ್ಟು ಟಿಕೆಟು ಕೊಂಡ ವಿದ್ಯಾರ್ಥಿಯ ತಂಟೆಗೆ ಅವರು ಹೋಗುವುದಿಲ್ಲ. ಕಾರ್ಡುಗಳ ಮುಂದೆ ಕಲ್ಲಾಗುವ ಬುದ್ಧಿ ಬಸ್ಸಿನಲ್ಲಿ ಸಲೀಸಾಗಿ ಓಡುತ್ತದೆ. ಆದ್ದರಿಂದ 'ಹೀಗಿದ್ದರೆ ಹಾಗೆ' ಎಂಬ ರೂಪದ ಷರತ್ತು ಕಂಡಾಗಲೆಲ್ಲ ಅದನ್ನು ನಿಮಗೆ ಪರಿಚಿತವಾದ ನಿಯಮವೊಂದರ ಉಡುಪಿನಲ್ಲಿ ಇಟ್ಟು ನೋಡಿ. ಅದರ ತಿರುಗುಮುರುಗು ರೂಪ ಕಳ್ಳ ಷರತ್ತಾಗಿ ಒಳಬಂದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಹಂತ 2: ಯೋಚಿಸುವ ಮೊದಲು ಎಣಿಸಿ

ನನ್ನನ್ನು ಅತಿ ಹೆಚ್ಚು ಕಾಡಿಸಿದ್ದು 12 ನಾಣ್ಯಗಳ ಒಗಟು. ನೋಡಲು ಒಂದೇ ಬಗೆಯ 12 ನಾಣ್ಯಗಳಲ್ಲಿ ಒಂದು ಮಾತ್ರ ಖೋಟಾ. ಅದು ಉಳಿದವುಗಳಿಗಿಂತ ಭಾರವೋ ಹಗುರವೋ ತಿಳಿದಿಲ್ಲ. ಬಟ್ಟುಗಳಿಲ್ಲದ ಎರಡು ತಟ್ಟೆಗಳ ತಕ್ಕಡಿಯಲ್ಲಿ ಮೂರೇ ಸಲ ತೂಗಿ, ಖೋಟಾ ಯಾವುದು, ಅದು ಭಾರವೋ ಹಗುರವೋ ಎರಡನ್ನೂ ಹೇಳಬೇಕು. ನಾನು ಹಲವು ರಾತ್ರಿ ಇದನ್ನು ಒಂದು ಕಡೆ 6, ಇನ್ನೊಂದು ಕಡೆ 6 ನಾಣ್ಯ ಇಟ್ಟೇ ಆರಂಭಿಸಿದೆ, ಏಕೆಂದರೆ ಅರ್ಧಕ್ಕೆ ಒಡೆಯುವುದು ಸಹಜವಾದ ಕ್ರಮವೆಂದು ತೋರಿತ್ತು. ಆ ದಾರಿಯಲ್ಲಿ ಎಷ್ಟು ರಾತ್ರಿ ಕುಳಿತರೂ ಉತ್ತರ ಸಿಗುವುದಿಲ್ಲವೆಂದು ತಿಳಿಯಲು ಎರಡು ನಿಮಿಷದ ಎಣಿಕೆ ಸಾಕಾಗಿತ್ತು.

ಎಣಿಕೆ ಹೀಗಿದೆ. 12 ನಾಣ್ಯಗಳಲ್ಲಿ ಯಾವುದಾದರೂ ಖೋಟಾ ಆಗಿರಬಹುದು, ಅದು ಭಾರವೂ ಆಗಿರಬಹುದು ಹಗುರವೂ ಆಗಿರಬಹುದು. ಆದ್ದರಿಂದ ಒಟ್ಟು 24 ಸಾಧ್ಯತೆಗಳಿವೆ. ಒಮ್ಮೆ ತೂಗಿದರೆ ಎಡ ತಗ್ಗುವುದು, ಬಲ ತಗ್ಗುವುದು, ಸಮವಾಗುವುದು ಎಂಬ ಮೂರು ಫಲಿತಗಳು. ಮೂರು ಸಲ ತೂಗಿದರೆ 27. 24ಕ್ಕೆ 27 ಸಾಕು, ಹಾಗಾಗಿ ಒಗಟು ಅಸಾಧ್ಯವಲ್ಲ. ಆದರೆ ಜಾಗ ಬಹಳ ಇಕ್ಕಟ್ಟು. ಮೊದಲ ತೂಕದ ಬಳಿಕ ಉಳಿಯುವುದು ಎರಡೇ ತೂಕ, ಅಂದರೆ 9 ಫಲಿತ. ಆದ್ದರಿಂದ ಮೊದಲ ತೂಕದ ಯಾವ ಫಲಿತದ ಕೆಳಗೂ 9ಕ್ಕಿಂತ ಹೆಚ್ಚು ಸಾಧ್ಯತೆ ಉಳಿಯಕೂಡದು. 6ಕ್ಕೆ 6 ಇಟ್ಟರೆ ತಕ್ಕಡಿ ವಾಲಿದಾಗ 12 ಸಾಧ್ಯತೆ ಉಳಿಯುತ್ತವೆ. 5ಕ್ಕೆ 5 ಇಟ್ಟರೆ 10 ಉಳಿಯುತ್ತವೆ. 3ಕ್ಕೆ 3 ಇಟ್ಟು ಸಮವಾದರೆ ಹೊರಗಿನ 6 ನಾಣ್ಯಗಳಿಂದ ಮತ್ತೆ 12 ಉಳಿಯುತ್ತವೆ. 4ಕ್ಕೆ 4 ಇಟ್ಟರೆ ಮಾತ್ರ ಯಾವ ಫಲಿತ ಬಂದರೂ 8 ಸಾಧ್ಯತೆಗಳೇ ಉಳಿಯುತ್ತವೆ. ಹೀಗೆ ಒಂದು ನಾಣ್ಯವನ್ನೂ ಮುಟ್ಟದೆ ಮೊದಲ ನಡೆ ನಿರ್ಧಾರವಾಯಿತು.

ತಕ್ಕಡಿ ವಾಲಿತೆನ್ನೋಣ. 1, 2, 3, 4 ಇದ್ದ ತಟ್ಟೆ ತಗ್ಗಿ, 5, 6, 7, 8 ಇದ್ದ ತಟ್ಟೆ ಏರಿತು. ಎರಡನೆಯ ತೂಕದಲ್ಲಿ ಎಡಕ್ಕೆ 1, 2, 5 ಮತ್ತು ಬಲಕ್ಕೆ 3, 4, 6 ಇಡಿ. ಸಮವಾದರೆ 7 ಅಥವಾ 8 ಹಗುರ. ಅವೆರಡನ್ನು ಎದುರುಬದುರಾಗಿ ತೂಗಿ. ಎಡ ತಗ್ಗಿದರೆ 1 ಅಥವಾ 2 ಭಾರ, ಇಲ್ಲವೇ 6 ಹಗುರ. 1ನ್ನೂ 2ನ್ನೂ ತೂಗಿದರೆ ತಿಳಿಯುತ್ತದೆ. ಬಲ ತಗ್ಗಿದರೆ 3 ಅಥವಾ 4 ಭಾರ, ಇಲ್ಲವೇ 5 ಹಗುರ. 3ನ್ನೂ 4ನ್ನೂ ತೂಗಿ. ಇಲ್ಲಿ 5 ತನ್ನ ತಟ್ಟೆಯನ್ನು ಬಿಟ್ಟು ಎದುರು ತಟ್ಟೆಗೆ ಹೋಯಿತೆಂಬುದನ್ನು ಗಮನಿಸಿ. ಒಮ್ಮೆ ಬಲದಲ್ಲಿದ್ದ ನಾಣ್ಯ ಬಲದಲ್ಲಿಯೇ ಇರಬೇಕೆಂಬುದೂ ಒಂದು ಕಳ್ಳ ಷರತ್ತು. ಮೊದಲ ತೂಕ ಸಮವಾದ ಕವಲನ್ನು ನಿಮಗಾಗಿಯೇ ಬಿಟ್ಟಿದ್ದೇನೆ.

ಹಂತ 3: ಪ್ರತಿ ಮಾತನ್ನೂ ಜರಡಿಯಾಗಿ ಬಳಸಿ

ಕೆಲವು ಒಗಟುಗಳಲ್ಲಿ ಸಾಮಗ್ರಿ ವಸ್ತುಗಳಲ್ಲಿರುವುದಿಲ್ಲ, ಯಾರಿಗೆ ಏನು ತಿಳಿದಿದೆ ಎಂಬುದರಲ್ಲಿರುತ್ತದೆ. 2015ರ ಏಪ್ರಿಲ್‌ನಲ್ಲಿ ಸಿಂಗಪುರದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದ ಒಗಟೊಂದು ಈ ಬಗೆಯದು, ಶೆರಿಲ್ ಎಂಬ ಹುಡುಗಿಯ ಹುಟ್ಟುಹಬ್ಬ ಯಾವ ದಿನವೆಂದು ಕಂಡುಹಿಡಿಯುವುದು ಅದರ ಗುರಿ. ಅದು ಶಾಲಾ ಮಕ್ಕಳ ಗಣಿತ ಸ್ಪರ್ಧೆಯೊಂದರ ಪ್ರಶ್ನೆಯಾಗಿತ್ತು. ತನ್ನ ಹುಟ್ಟುಹಬ್ಬ ಇವುಗಳಲ್ಲೊಂದೆಂದು ಶೆರಿಲ್ ತನ್ನ ಇಬ್ಬರು ಗೆಳೆಯರಿಗೆ ಹತ್ತು ದಿನಾಂಕಗಳನ್ನು ಕೊಡುತ್ತಾಳೆ: ಮೇ 15, 16, 19, ಜೂನ್ 17, 18, ಜುಲೈ 14, 16, ಆಗಸ್ಟ್ 14, 15, 17. ಆಲ್ಬರ್ಟ್‌ಗೆ ತಿಂಗಳನ್ನು ಮಾತ್ರ, ಬರ್ನಾರ್ಡ್‌ಗೆ ತಾರೀಖನ್ನು ಮಾತ್ರ ಗುಟ್ಟಾಗಿ ಹೇಳುತ್ತಾಳೆ. ಆಲ್ಬರ್ಟ್ ಮೊದಲು ಮಾತನಾಡುತ್ತಾನೆ: ನನಗೆ ತಿಳಿಯದು, ಬರ್ನಾರ್ಡ್‌ಗೂ ತಿಳಿಯದೆಂದು ನನಗೆ ಗೊತ್ತು. ಬರ್ನಾರ್ಡ್: ಮೊದಲು ತಿಳಿದಿರಲಿಲ್ಲ, ಈಗ ತಿಳಿಯಿತು. ಆಲ್ಬರ್ಟ್: ಹಾಗಾದರೆ ನನಗೂ ತಿಳಿಯಿತು.

ಓದಿದೊಡನೆ ಇಬ್ಬರು ಹುಡುಗರು ಏನನ್ನೂ ಹೇಳದೆ ಹರಟುತ್ತಿದ್ದಾರೆಂದು ಸಿಟ್ಟು ಬರುತ್ತದೆ. ಹತ್ತೂ ದಿನಾಂಕಗಳನ್ನು ಹಾಳೆಯಲ್ಲಿ ಬರೆದು ಪ್ರತಿ ಮಾತಿಗೂ ಒಂದೊಂದು ಬಾರಿ ಗೆರೆ ಎಳೆಯುತ್ತ ಬಂದರೆ ಅದು ಕರಗುತ್ತದೆ. 18 ಮತ್ತು 19 ಪಟ್ಟಿಯಲ್ಲಿ ಒಂದೊಂದೇ ಸಲ ಬರುತ್ತವೆ. ಬರ್ನಾರ್ಡ್‌ಗೆ ಆ ತಾರೀಖು ಸಿಕ್ಕಿದ್ದರೆ ಅವನಿಗೆ ಆಗಲೇ ಉತ್ತರ ತಿಳಿಯುತ್ತಿತ್ತು. ಹಾಗಾಗಿಲ್ಲವೆಂದು ಆಲ್ಬರ್ಟ್ ಖಚಿತವಾಗಿ ಹೇಳಬೇಕಾದರೆ ಅವನ ತಿಂಗಳು ಮೇ ಅಥವಾ ಜೂನ್ ಆಗಿರಲಾರದು. ಆ ಎರಡು ತಿಂಗಳೂ ಪೂರ್ತಿ ಹೋದವು. ಉಳಿದ ಐದರಲ್ಲಿ ಬರ್ನಾರ್ಡ್‌ಗೆ ಈಗ ತಿಳಿಯಿತೆಂದರೆ ಎರಡು ತಿಂಗಳಲ್ಲೂ ಇರುವ 14 ಅವನದಲ್ಲ. ಉಳಿದದ್ದು ಜುಲೈ 16, ಆಗಸ್ಟ್ 15, ಆಗಸ್ಟ್ 17. ಈಗ ಆಲ್ಬರ್ಟ್‌ಗೂ ತಿಳಿಯಿತೆಂದರೆ ಅವನ ತಿಂಗಳಲ್ಲಿ ಒಂದೇ ದಿನ ಉಳಿದಿರಬೇಕು, ಅದು ಜುಲೈ 16. ಖಾಲಿ ಮಾತುಗಳೆಂದು ತೋರಿದ ಮೂರು ಮಾತುಗಳು ಒಂಬತ್ತು ದಿನಾಂಕಗಳನ್ನು ಸೋಸಿ ಹಾಕಿದವು. 'ನನಗೆ ತಿಳಿಯದು' ಎಂಬುದೂ ಒಂದು ಸುದ್ದಿಯೇ ಎಂಬುದನ್ನು ಒಪ್ಪಿಕೊಂಡರೆ ಈ ಬಗೆಯ ಒಗಟುಗಳೆಲ್ಲ ಅರ್ಧ ಬಿಡಿಸಿದಂತೆಯೇ.

ಹಂತ 4: ಊಹಿಸಿ, ಆ ಊಹೆಯನ್ನು ಕೊನೆಯವರೆಗೂ ಅಟ್ಟಿಸಿಕೊಂಡು ಹೋಗಿ

ತರ್ಕದ ಒಗಟುಗಳಲ್ಲಿ ಹಾಸ್ಯವನ್ನು ತುಂಬಿದವರಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ ಅವರಿಗೆ ಮೊದಲ ಸ್ಥಾನ ಕೊಡಬೇಕು. 1919ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಅವರು ಜಾದೂಗಾರರೂ ಪಿಯಾನೋ ವಾದಕರೂ ಆಗಿದ್ದರು. ತಮ್ಮನ್ನು ತರ್ಕಕ್ಕೆ ಎಳೆದ ಘಟನೆಯನ್ನು ಅವರೇ ಹೇಳಿಕೊಂಡಿದ್ದಾರೆ. 1925ರ ಏಪ್ರಿಲ್ 1ರಂದು, ಆರನೆಯ ವರ್ಷದಲ್ಲಿದ್ದ ಅವರಿಗೆ ಅಣ್ಣ ಎಮಿಲ್, ಹಿಂದೆಂದೂ ಆಗದಷ್ಟು ಚೆನ್ನಾಗಿ ಈ ದಿನ ನಿನ್ನನ್ನು ಬೇಸ್ತು ಬೀಳಿಸುತ್ತೇನೆಂದು ಹೇಳಿದರಂತೆ. ಹುಡುಗ ದಿನವಿಡೀ ಕಾದ, ಏನೂ ಆಗಲಿಲ್ಲ. ರಾತ್ರಿ ಅಣ್ಣ ಕೇಳಿದರು: ನಾನು ಬೇಸ್ತು ಬೀಳಿಸುತ್ತೇನೆಂದು ನೀನು ಕಾದೆ, ನಾನು ಬೀಳಿಸಲಿಲ್ಲ, ಅಂದ ಮೇಲೆ ನೀನು ಬೇಸ್ತು ಬಿದ್ದೆಯಲ್ಲವೇ? ದೀಪ ಆರಿದ ಮೇಲೂ ಹುಡುಗ ತಾನು ಬೇಸ್ತು ಬಿದ್ದೆನೋ ಇಲ್ಲವೋ ಎಂದು ಹಾಸಿಗೆಯಲ್ಲಿ ಯೋಚಿಸುತ್ತ ಮಲಗಿದ್ದ. ಬಿದ್ದಿದ್ದರೆ ಅಣ್ಣ ಹೇಳಿದ್ದು ನಡೆದಂತಾಯಿತು, ಆಗ ಬಿದ್ದದ್ದು ಹೇಗೆ? ಬೀಳದಿದ್ದರೆ ನಿರೀಕ್ಷಿಸಿದ್ದು ನಡೆಯಲಿಲ್ಲ, ಆಗ ಬಿದ್ದಂತೆಯೇ. ಸಿಟ್ಟು ಮತ್ತು ನಗು ಒಂದೇ ದಾರದ ಎರಡು ತುದಿಗಳೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಸ್ಮಲ್ಯನ್ ಅವರಿಗೆ ಪ್ರಿಯವಾಗಿದ್ದ ದ್ವೀಪದಲ್ಲಿ ಎರಡೇ ಬಗೆಯ ಜನ: ಸದಾ ನಿಜವನ್ನೇ ಹೇಳುವ ಸತ್ಯವಂತರು, ಸದಾ ಸುಳ್ಳನ್ನೇ ಹೇಳುವ ಸುಳ್ಳುಗಾರರು. ದಾರಿಯಲ್ಲಿ ಇಬ್ಬರು ಸಿಕ್ಕಿದರು. ಮೊದಲನೆಯವನು 'ನಾವಿಬ್ಬರೂ ಸುಳ್ಳುಗಾರರು' ಎಂದ. ಅವನು ಸತ್ಯವಂತನೆಂದು ಊಹಿಸಿ. ಆಗ ಅವನ ಮಾತು ನಿಜವಾಗಬೇಕು, ಅಂದರೆ ಅವನೇ ಸುಳ್ಳುಗಾರನಾಗಬೇಕು. ಊಹೆ ತನ್ನನ್ನು ತಾನೇ ಕಡಿದುಕೊಂಡಿತು. ಆದ್ದರಿಂದ ಅವನು ಸುಳ್ಳುಗಾರ, ಅವನ ಮಾತು ಸುಳ್ಳು, ಇಬ್ಬರೂ ಸುಳ್ಳುಗಾರರಲ್ಲ, ಹಾಗಾಗಿ ಎರಡನೆಯವನು ಸತ್ಯವಂತ. ಇಲ್ಲಿ ಅನುಸರಿಸಬೇಕಾದ ಶಿಸ್ತು ಎರಡು. ಊಹೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಬೇಕು, ಏಕೆಂದರೆ ಹತ್ತು ಸಾಲು ಕೆಳಗೆ ಬರುವಷ್ಟರಲ್ಲಿ ಊಹೆ ಯಾವುದು, ಸಿದ್ಧವಾದದ್ದು ಯಾವುದು ಎಂಬುದು ಮರೆತಿರುತ್ತದೆ. ವಿರೋಧ ಎದುರಾದ ಮೇಲೆ ಆ ಊಹೆಯಿಂದ ಬಂದ ಎಲ್ಲವನ್ನೂ ದಾಕ್ಷಿಣ್ಯವಿಲ್ಲದೆ ಹೊಡೆದು ಹಾಕಬೇಕು. ಸತ್ತ ಊಹೆಯ ಮರಿಗಳನ್ನು ಉಳಿಸಿಕೊಂಡವರು ಗಂಟೆಗಟ್ಟಲೆ ದಾರಿ ತಪ್ಪುತ್ತಾರೆ.

ಹಂತ 5: ಪ್ರಶ್ನೆಯೊಳಗೆ ಪ್ರಶ್ನೆಯನ್ನು ಇಡಿ

ಅದೇ ದ್ವೀಪದಲ್ಲಿ ದಾರಿ ಕವಲೊಡೆಯುತ್ತದೆ. ಅಲ್ಲಿ ನಿಂತವನು ಸತ್ಯವಂತನೋ ಸುಳ್ಳುಗಾರನೋ ತಿಳಿಯದು. ಹೌದು ಅಥವಾ ಅಲ್ಲ ಎಂಬ ಉತ್ತರ ಬರುವ ಒಂದೇ ಪ್ರಶ್ನೆ ಕೇಳಿ ಊರಿನ ದಾರಿ ಯಾವುದೆಂದು ತಿಳಿಯಬೇಕು. ಅವನು ಯಾರೆಂದು ಮೊದಲು ತಿಳಿಯಲೇಬೇಕು ಎಂಬುದು ಇಲ್ಲಿನ ಕಳ್ಳ ಷರತ್ತು. ಅವನು ಯಾರಾದರೂ ನಮಗೇನಾಗಬೇಕು? ಬೇಕಾದದ್ದು ದಾರಿ. ಆದ್ದರಿಂದ ಹೀಗೆ ಕೇಳಬೇಕು: 'ಎಡದ ದಾರಿ ಊರಿಗೆ ಹೋಗುತ್ತದೆಯೇ ಎಂದು ನಾನು ಕೇಳಿದರೆ ನೀವು ಹೌದು ಎನ್ನುವಿರಾ?' ಎಡವೇ ಸರಿಯಾದ ದಾರಿಯಾಗಿದ್ದರೆ ಸತ್ಯವಂತ ಹೌದು ಎನ್ನುತ್ತಾನೆ. ನೇರವಾಗಿ ಕೇಳಿದ್ದರೆ ಸುಳ್ಳುಗಾರ ಅಲ್ಲ ಎನ್ನುತ್ತಿದ್ದ. ತಾನು ಏನೆನ್ನುತ್ತಿದ್ದೆ ಎಂಬುದರ ಬಗ್ಗೆಯೂ ಅವನು ಸುಳ್ಳು ಹೇಳಬೇಕಾದ್ದರಿಂದ ಈಗ ಅವನ ಬಾಯಿಂದಲೂ ಹೌದು ಎಂದೇ ಬರುತ್ತದೆ. ಸುಳ್ಳಿನ ಮೇಲೆ ಸುಳ್ಳು ಬಿದ್ದು ನಿಜ ಹೊರಬೀಳುವ ಈ ಕ್ಷಣದಲ್ಲಿ ನಗದವರನ್ನು ನಾನು ಕಂಡಿಲ್ಲ.

ಹಂತ 6: ಮೂವರು ದೇವತೆಗಳ ಮುಂದೆ ನಿಲ್ಲುವುದು

ಈವರೆಗಿನ ಉಪಕರಣಗಳೆಲ್ಲ ಒಟ್ಟಿಗೆ ಬೇಕಾಗುವ ಒಗಟನ್ನು ಅಮೆರಿಕದ ತತ್ತ್ವಜ್ಞಾನಿ ಜಾರ್ಜ್ ಬೂಲೋಸ್ 1996ರಲ್ಲಿ ಹಾರ್ವರ್ಡ್‌ನ ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ಅತಿ ಕಠಿಣ ತರ್ಕದ ಒಗಟು ಎಂಬ ಹೆಸರನ್ನು ಕೊಟ್ಟವರೂ ಅವರೇ. ಅದರ ಮೂಲ ಕಲ್ಪನೆ ಸ್ಮಲ್ಯನ್ ಅವರದೆಂದೂ ಭಾಷೆಯ ತೊಡಕನ್ನು ಸೇರಿಸಿದವರು ಗಣಕವಿಜ್ಞಾನಿ ಜಾನ್ ಮೆಕಾರ್ತಿ ಎಂದೂ ಬೂಲೋಸ್ ತಿಳಿಸಿದ್ದಾರೆ. ಒಗಟು ಹೀಗಿದೆ. ಎಡದಲ್ಲಿ, ನಡುವೆ, ಬಲದಲ್ಲಿ ಮೂವರು ದೇವತೆಗಳು ನಿಂತಿದ್ದಾರೆ. ಅವರಿಗೆ ಸತ್ಯ, ಮಿಥ್ಯ, ಚಂಚಲ ಎಂದು ಕನ್ನಡದ ಹೆಸರಿಡೋಣ. ಸತ್ಯ ಸದಾ ನಿಜ ಹೇಳುತ್ತಾನೆ, ಮಿಥ್ಯ ಸದಾ ಸುಳ್ಳು ಹೇಳುತ್ತಾನೆ, ಚಂಚಲನ ಉತ್ತರಕ್ಕೆ ಗೊತ್ತುಗುರಿಯಿಲ್ಲ. ಯಾರು ಯಾರೆಂದು ಮೂರೇ ಪ್ರಶ್ನೆಗಳಲ್ಲಿ ತಿಳಿಯಬೇಕು. ಒಂದು ಪ್ರಶ್ನೆಯನ್ನು ಒಬ್ಬರಿಗೆ ಮಾತ್ರ ಕೇಳಬಹುದು, ಒಬ್ಬರಿಗೇ ಎರಡು ಪ್ರಶ್ನೆ ಕೇಳಲು ಅಡ್ಡಿಯಿಲ್ಲ. ಅವರಿಗೆ ನಮ್ಮ ಮಾತು ತಿಳಿಯುತ್ತದೆ, ಆದರೆ ಉತ್ತರಿಸುವುದು ತಮ್ಮ ನುಡಿಯಲ್ಲಿ, 'ಡಾ' ಅಥವಾ 'ಜಾ' ಎಂದು. ಅವುಗಳಲ್ಲಿ ಹೌದು ಯಾವುದು, ಅಲ್ಲ ಯಾವುದು ಎಂಬುದು ನಮಗೆ ತಿಳಿಯದು.

ಎರಡನೆಯ ಹಂತದಂತೆ ಮೊದಲು ಎಣಿಸಿ. ಮೂವರನ್ನು ಹೊಂದಿಸುವ ಬಗೆಗಳು 6, ಮೂರು ಪ್ರಶ್ನೆಗಳ ಉತ್ತರಗಳ ಬಗೆಗಳು 8. ಸಾಕು. ಆದರೆ ಡಾ, ಜಾಗಳ ಅರ್ಥ ತಿಳಿಯಲು ಪ್ರಶ್ನೆಯೊಂದನ್ನು ವ್ಯಯಿಸುವಷ್ಟು ಬಿಡುವಿಲ್ಲ. ಅರ್ಥ ತಿಳಿಯಲೇಬೇಕೆಂಬುದೇ ಇಲ್ಲಿಯ ಕಳ್ಳ ಷರತ್ತು. ಕವಲುದಾರಿಯ ಪ್ರಶ್ನೆಯನ್ನು ಒಂದೇ ಒಂದು ಪದ ಬದಲಿಸಿ ಕೇಳಿ: 'ಇಂಥದ್ದು ನಿಜವೇ ಎಂದು ನಾನು ಕೇಳಿದರೆ ನೀವು ಜಾ ಎನ್ನುವಿರಾ?' ಕೇಳಿದ ವಿಷಯ ನಿಜವಾಗಿದ್ದರೆ ಸತ್ಯನಿಂದಲೂ ಮಿಥ್ಯನಿಂದಲೂ 'ಜಾ' ಎಂದೇ ಬರುತ್ತದೆ, ಜಾ ಎಂದರೆ ಹೌದಾಗಿರಲಿ ಅಲ್ಲವಾಗಿರಲಿ. ನಂಬಲು ಕಷ್ಟವಾದರೆ ಒಂದು ಸಂದರ್ಭವನ್ನು ಪರೀಕ್ಷಿಸೋಣ. ಜಾ ಎಂದರೆ ಅಲ್ಲ, ಎದುರಿಗಿರುವವನು ಮಿಥ್ಯ, ವಿಷಯ ನಿಜ. ನೇರವಾಗಿ ಕೇಳಿದರೆ ಅವನು ಸುಳ್ಳಾಗಿ ಅಲ್ಲ ಎನ್ನಬೇಕು, ಅಂದರೆ ಜಾ ಎನ್ನುತ್ತಾನೆ. ಜಾ ಎನ್ನುವಿರಾ ಎಂದು ಕೇಳಿದ್ದಕ್ಕೆ ನಿಜವಾದ ಉತ್ತರ ಹೌದು. ಅವನು ಸುಳ್ಳು ಹೇಳುವುದರಿಂದ ಅಲ್ಲ ಎನ್ನುತ್ತಾನೆ, ಬಾಯಿಂದ ಬರುವುದು ಜಾ. ಉಳಿದ ಮೂರು ಸಂದರ್ಭಗಳನ್ನು ನೀವೇ ಹೀಗೆ ಬರೆದು ನೋಡಿ. ಬರೆಯದೆ ಈ ಹಂತವನ್ನು ದಾಟಬಾರದೆಂಬುದು ನನ್ನ ಕಳಕಳಿಯ ಸಲಹೆ.

ಇನ್ನು ಮೂರು ಪ್ರಶ್ನೆಗಳು. ಮೊದಲನೆಯದು ನಡುವಿನವನಿಗೆ: ಎಡದವನು ಚಂಚಲನೇ ಎಂದು ಕೇಳಿದರೆ ಜಾ ಎನ್ನುವಿರಾ? ಜಾ ಬಂದರೆ, ಒಂದೋ ನಡುವಿನವನೇ ಚಂಚಲ, ಇಲ್ಲವೇ ಎಡದವನು ಚಂಚಲ. ಹೇಗಾದರೂ ಬಲದವನು ಚಂಚಲನಲ್ಲ. ಡಾ ಬಂದರೆ ಇದೇ ಕ್ರಮದಲ್ಲಿ ಎಡದವನು ಚಂಚಲನಲ್ಲ. ಹೀಗೆ ಚಂಚಲನಲ್ಲದ ಒಬ್ಬ ಸಿಕ್ಕಿದ. ಉಳಿದ ಎರಡು ಪ್ರಶ್ನೆಗಳೂ ಅವನಿಗೇ. ಎರಡನೆಯದು: ನೀವು ಮಿಥ್ಯನೇ ಎಂದು ಕೇಳಿದರೆ ಜಾ ಎನ್ನುವಿರಾ? ಜಾ ಬಂದರೆ ಅವನು ಮಿಥ್ಯ, ಡಾ ಬಂದರೆ ಸತ್ಯ. ಮೂರನೆಯದು: ನಡುವಿನವನು ಚಂಚಲನೇ ಎಂದು ಕೇಳಿದರೆ ಜಾ ಎನ್ನುವಿರಾ? ಜಾ ಬಂದರೆ ನಡುವಿನವನು ಚಂಚಲ, ಡಾ ಬಂದರೆ ಉಳಿದ ತುದಿಯವನು ಚಂಚಲ. ಇನ್ನೊಬ್ಬನ ಗುರುತು ತಾನಾಗಿ ಸಿಗುತ್ತದೆ. ಇಷ್ಟೆಲ್ಲ ಮುಗಿದ ಮೇಲೂ ಡಾ ಎಂದರೇನು, ಜಾ ಎಂದರೇನು ಎಂಬುದು ನಮಗೆ ತಿಳಿದಿರುವುದಿಲ್ಲ. ಮೊದಲ ಸಲ ಇದನ್ನು ಬಿಡಿಸಿ ಮುಗಿಸಿದಾಗ ಆ ಸಂಗತಿಯೊಂದೇ ನನ್ನನ್ನು ಬಹಳ ಹೊತ್ತು ನಗಿಸಿತ್ತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಬೂಲೋಸ್ ತಮ್ಮ ವಿವರಣೆಯಲ್ಲಿ ಚಂಚಲನ ತಲೆಯೊಳಗೆ ನಾಣ್ಯವೊಂದು ಚಿಮ್ಮುತ್ತದೆ, ಒಂದು ಮುಖ ಬಿದ್ದರೆ ಅವನು ನಿಜ ಹೇಳುತ್ತಾನೆ, ಇನ್ನೊಂದು ಬಿದ್ದರೆ ಸುಳ್ಳು ಹೇಳುತ್ತಾನೆ ಎಂದಿದ್ದರು. ಬ್ರಯಾನ್ ರಾಬರ್ನ್ ಮತ್ತು ಲ್ಯಾಂಡನ್ ರಾಬರ್ನ್ ಎಂಬ ಇಬ್ಬರು ವಿದ್ವಾಂಸರು 2008ರಲ್ಲಿ ಈ ವಾಕ್ಯವನ್ನು ಅಕ್ಷರಶಃ ಓದಿದರು. ಚಂಚಲ ಪ್ರತಿ ಸಲವೂ ಒಂದೋ ಸತ್ಯನಂತೆ, ಇಲ್ಲವೇ ಮಿಥ್ಯನಂತೆ ಉತ್ತರಿಸುವುದಾದರೆ, ಇಬ್ಬರ ಮೇಲೂ ನಡೆಯುವ ಪ್ರಶ್ನೆ ಅವನ ಮೇಲೂ ನಡೆಯುತ್ತದೆ! ಅವನ ಚಂಚಲತೆ ಏನನ್ನೂ ಮರೆಮಾಡುವುದಿಲ್ಲ, ಒಗಟು ತೀರಾ ಸುಲಭವಾಗುತ್ತದೆ. ಅವನು ಗೊತ್ತುಗುರಿಯಿಲ್ಲದೆ ಡಾ ಅಥವಾ ಜಾ ಎಂಬ ಪದವನ್ನೇ ಉದುರಿಸುತ್ತಾನೆ ಎಂದು ತಿದ್ದಿದರೆ ಮಾತ್ರ ಕಾಠಿಣ್ಯ ಉಳಿಯುತ್ತದೆ, ಮೇಲಿನ ಪರಿಹಾರ ಆಗಲೂ ನಿಲ್ಲುತ್ತದೆ. ಒಗಟನ್ನು ಕೊಟ್ಟವರ ಮಾತಿನಲ್ಲಿಯೂ ಅವರಿಗೆ ಕಾಣದ ಷರತ್ತು ಅಡಗಿರಬಲ್ಲದೆಂಬುದು ಇದರಿಂದ ಕಲಿಯಬೇಕಾದ ಪಾಠ.

ಅವರಿಬ್ಬರೂ ಇನ್ನೊಂದು ಬಾಗಿಲನ್ನೂ ತೆರೆದರು. ನಿಜವನ್ನಾಗಲಿ ಸುಳ್ಳನ್ನಾಗಲಿ ಹೇಳಿ ಉತ್ತರಿಸಲಾಗದಂಥ ಪ್ರಶ್ನೆಯನ್ನು ಕೇಳಿದರೆ ದೇವತೆಯ ತಲೆ ಸಿಡಿಯುತ್ತದೆ ಎಂದಿಟ್ಟುಕೊಂಡರೆ, ಅದೂ ಮೂರನೆಯ ಬಗೆಯ ಉತ್ತರವಾಗುತ್ತದೆ. ಆಗ ಎರಡು ಪ್ರಶ್ನೆಗಳಿಗೆ 9 ಫಲಿತಗಳು ಸಿಗುವುದರಿಂದ 6 ಸಾಧ್ಯತೆಗಳನ್ನು ಎರಡೇ ಪ್ರಶ್ನೆಗಳಲ್ಲಿ ಬೇರ್ಪಡಿಸುವ ಆಸೆ ಹುಟ್ಟುತ್ತದೆ. ಇದನ್ನು ಓದಿದ ಕನ್ನಡಿಗರಿಗೆ ಬೇತಾಳ ನೆನಪಾಗದಿರುವುದಿಲ್ಲ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಾವಿರ ಹೋಳಾಗುತ್ತದೆ, ಹೇಳಿದರೆ ಮೌನ ಮುರಿದು ಹೆಣ ಮರಳಿ ಮರಕ್ಕೆ ಹಾರುತ್ತದೆ. ನಿಜವಾಗಿಯೂ ಉತ್ತರ ತಿಳಿಯದ ಕೊನೆಯ ಕಥೆ ಬಂದಾಗ ಮಾತ್ರ ವಿಕ್ರಮನ ಮೌನಕ್ಕೆ ಅರ್ಥ ಬರುತ್ತದೆ. ಮೌನವೂ ಒಂದು ಉತ್ತರವೆಂಬ ಲೆಕ್ಕವನ್ನು ನಮ್ಮ ಕಥೆಗಾರರು ಬಹಳ ಹಿಂದೆಯೇ ಬಳಸಿದ್ದರು.

ಸಿಕ್ಕಿಕೊಂಡಾಗ ಮಾಡಬೇಕಾದದ್ದು

ಎಷ್ಟೇ ಕ್ರಮವಾಗಿ ನಡೆದರೂ ಗೋಡೆ ಎದುರಾಗುತ್ತದೆ. ಆಗ ಹೊಸ ಹಾಳೆಯಲ್ಲಿ 'ಇದು ಸಾಧ್ಯವಿಲ್ಲ, ಏಕೆಂದರೆ' ಎಂದು ಬರೆದು ಆ ವಾಕ್ಯವನ್ನು ಪ್ರಾಮಾಣಿಕವಾಗಿ ಪೂರ್ತಿಮಾಡಿ. ಸಿಟ್ಟಿನಲ್ಲಿರುವಾಗಲೇ ಬರೆಯುವುದು ಒಳ್ಳೆಯದು, ಏಕೆಂದರೆ ಸಿಟ್ಟಿನಲ್ಲಿ ನಾವು ನಂಬಿರುವುದೆಲ್ಲ ಸಲೀಸಾಗಿ ಹೊರಬರುತ್ತದೆ. ಬಳಿಕ 'ಏಕೆಂದರೆ' ಎಂಬುದರ ಮುಂದಿರುವ ಪ್ರತಿಯೊಂದು ತುಂಡಿಗೂ ಒಗಟಿನ ಯಾವ ಮಾತು ಇದನ್ನು ಹೇಳಿತು ಎಂದು ಕೇಳಿ, ಆ ಮಾತಿನ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಮಾತೇ ಸಿಗದ ತುಂಡು ಕಳ್ಳ ಷರತ್ತು. ಅಂಬಿಗನ ಒಗಟಿನಲ್ಲಿ ಬರೆದಿದ್ದರೆ, 'ಏಕೆಂದರೆ ಆಚೆ ದಡಕ್ಕೆ ಹೋದ ಮೇಕೆ ಅಲ್ಲಿಯೇ ಇರುತ್ತದೆ' ಎಂಬ ಸಾಲು ಬಂದೇ ಬರುತ್ತಿತ್ತು.

ಇದರಿಂದಲೂ ಆಗದಿದ್ದರೆ ಒಗಟನ್ನು ಚಿಕ್ಕದು ಮಾಡಿ: 12 ನಾಣ್ಯಗಳ ಬದಲು 3 ನಾಣ್ಯ, ಮೂವರು ದೇವತೆಗಳ ಬದಲು ಒಬ್ಬ. ಅದೂ ಆಗದಿದ್ದರೆ ಹಾಳೆಯನ್ನು ಮಡಚಿಟ್ಟು ಎದ್ದುಬಿಡಿ. ಸಿಕ್ಕಿಬಿದ್ದ ಜಾಗವನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಏಳುವುದು ಮುಖ್ಯ, ಇಲ್ಲದಿದ್ದರೆ ಮರುದಿನ ಮತ್ತೆ 6ಕ್ಕೆ 6 ಇಟ್ಟು ಆರಂಭಿಸುತ್ತೀರಿ. ಉತ್ತರ ಸಿಕ್ಕಿತೆನಿಸಿದಾಗಲೂ ಪ್ರತಿ ಕವಲನ್ನೂ ಕೊನೆಯವರೆಗೆ ನಡೆದು ನೋಡದೆ ಸಂಭ್ರಮಿಸಬೇಡಿ. ಇನ್ನು ಕೆಲವು ಒಗಟುಗಳು ನಿಜವಾಗಿಯೇ ಕೆಟ್ಟವು. ಉತ್ತರ ಕೇಳಿದ ಮೇಲೂ 'ಇದನ್ನು ಹೇಳಿದ್ದೆಲ್ಲಿ' ಎಂಬ ಪ್ರಶ್ನೆ ಉಳಿದರೆ ಆ ಸಿಟ್ಟು ನ್ಯಾಯವಾದದ್ದು, ಅದರ ಭಾರವನ್ನು ನಿಮ್ಮ ಬುದ್ಧಿಯ ಮೇಲೆ ಹೊರಿಸಿಕೊಳ್ಳಬೇಕಾಗಿಲ್ಲ.

ಇತರರಿಗೆ ಹೇಳುವಾಗ

ಒಗಟನ್ನು ಇನ್ನೊಬ್ಬರ ಮುಂದಿಡುವವರಿಗೂ ಹೊಣೆಯಿದೆ. ಷರತ್ತುಗಳನ್ನೆಲ್ಲ ಮೊದಲೇ ಪೂರ್ತಿಯಾಗಿ ಹೇಳಿ. ನಡುವೆ ಹೊಸ ಷರತ್ತು ಸೇರಿಸುವುದು ಕೇಳುವವರಿಗೆ ಮಾಡುವ ಅನ್ಯಾಯ. ಅವರು ತಡವರಿಸುವಾಗ ಉತ್ತರವನ್ನು ಬಾಯಿಬಿಟ್ಟರೆ ಅವರಿಗೆ ಉಳಿಯುವುದು ಸಿಟ್ಟು ಮಾತ್ರ, ನಗು ನಿಮ್ಮ ಪಾಲಾಗುತ್ತದೆ. ಸುಳಿವು ಕೊಡಲೇಬೇಕಾದರೆ ಮುಂದಿನ ನಡೆಯನ್ನು ಹೇಳದೆ ಕಳ್ಳ ಷರತ್ತನ್ನು ಮಾತ್ರ ಬೆರಳಿಟ್ಟು ತೋರಿಸಿ. ನಾಣ್ಯಗಳ ಒಗಟಿನಲ್ಲಿ ನಿಮಗಾಗಿ ಬಿಟ್ಟಿದ್ದ ಕವಲಿಗೂ ನಾನು ಕೊಡುವುದು ಅಂಥ ಸುಳಿವನ್ನೇ: ಸಾಚಾ ಎಂದು ಗೊತ್ತಾದ ಎಂಟು ನಾಣ್ಯಗಳನ್ನು ಮತ್ತೆ ತಕ್ಕಡಿಗೆ ಹಾಕಬಾರದೆಂದು ಯಾರೂ ಹೇಳಿಲ್ಲ.